ದೊಗಳೆಯ ಮಗಳ ಮಲಗುವ ಚೀಲ

ನಮ್ಮ ಲೈನ್‌ಮನ್ ಶೆಡ್ಡಿನಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ಹಾಜರಿ ಹಾಕುವಾಗ ಮೇಸ್ತ್ರಿ ಅವನ ನಿಜವಾದ ಹೆಸರು ಕೂಗಿದರೆ, ಅವನೇ ಹಿಂದಕ್ಕೆ ತಿರುಗಿ ಯಾರಪ್ಪಾ ಅದು ಎಂದು ಹುಡುಕುತ್ತಿದ್ದ. ನಮಗೆಲ್ಲ ಅವನು ದೊಗಳೆ. ಮನುಷ್ಯ ಒಣಕಡ್ಡಿ, ಮೈಮೇಲಿನ ಬಟ್ಟೆ ಡೇರೆ. ಕಂಬ ಹತ್ತಿದಾಗ ಗಾಳಿ ಬೀಸಿದರೆ ಅಂಗಿ ಬೆನ್ನ ಹಿಂದೆ ಬಲೂನಿನಂತೆ ಉಬ್ಬುತ್ತಿತ್ತು. ಕೆಳಗಿನಿಂದ ನಾವು ಕೂಗುತ್ತಿದ್ದೆವು: “ಹಾರಿಹೋಗ್ಬೇಡ್ವೋ ದೊಗಳೆ, ಈ ಬೀದಿ ದೀಪ ಇನ್ನೂ ಹತ್ತಿಲ್ಲ!”

ಅವನ ಅಪ್ಪ ಕಲ್ಲುಗಣಿಯಲ್ಲಿ ಕಲ್ಲು ಒಡೆಯುತ್ತಿದ್ದವನು. ಮನೆ ತುಂಬ ಮಕ್ಕಳು. ಬಟ್ಟೆಯಂಗಡಿಗೆ ಹೋದರೆ ಆ ಅಪ್ಪನ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು, “ದೊಡ್ಡದು ಕೊಡಿ, ಬೆಳೆಯೋ ಮಗು.” ಮಗು ಬೆಳೆಯುವುದು ನಿಜ. ಆದರೆ ಗಣಿಯ ಮನೆಯ ಊಟದಲ್ಲಿ ಅಂಗಿಯ ಲೆಕ್ಕಕ್ಕೆ ಸರಿಯಾಗಿ ಬೆಳೆಯುವುದು ಸಾಧ್ಯವೇ? ದೊಗಳೆ ಬೆಳೆದ, ಅಂಗಿ ಅವನಿಗಿಂತ ಮೊದಲು ಹರಿಯಿತು. ಬೂಟು ಕೊಟ್ಟರೆ ತುದಿಗೆ ಹಳೆಯ ಪೇಪರ್ ತುರುಕಿಕೊಂಡು ನಡೆಯುವುದು ಕಲಿತ. ಅಪ್ಪ ಸತ್ತ, ಗಣಿ ಮುಚ್ಚಿತು, ಇವನಿಗೆ ಕೆಲಸ ಸಿಕ್ಕಿತು, ಪೇಪರ್ ಮಾತ್ರ ಬೂಟಿನಲ್ಲೇ ಉಳಿಯಿತು. ಮದುವೆಗೆ ಹೊಲಿಸಿದ ಕೋಟಿನ ತೋಳು ಬೆರಳನ್ನೂ ನುಂಗಿತ್ತು. “ಮದುವೆ ಆದ್ಮೇಲೆ ಮೈ ಬರುತ್ತೆ ಬಿಡಿ” ಎಂದು ದರ್ಜಿಗೆ ತಾನೇ ಧೈರ್ಯ ಹೇಳಿ ಬಂದಿದ್ದನಂತೆ. ಆ ಫೋಟೋದಲ್ಲಿ ಅವನು ಬೇರೆ ಯಾರದೋ ಬದಲಿಗೆ ಬಂದು ನಿಂತ ಹಾಗೆ ಕಾಣುತ್ತಾನೆ. ಮೈ ಇಂದಿಗೂ ಬಂದಿಲ್ಲ. ಕೋಟು ಟ್ರಂಕಿನಲ್ಲಿ ಇನ್ನೂ ಕಾಯುತ್ತಿದೆ.

ಇದನ್ನು ನಮ್ಮ ಜನ ಜಾಣತನ ಎನ್ನುತ್ತಾರೆ. ನನಗಂತೂ ಈ ಜಾಣತನ ಕಂಡರೆ ಮೈ ಉರಿಯುತ್ತದೆ. ನಾಳೆಗಾಗುತ್ತದೆ, ನಾಳೆಗಾಗುತ್ತದೆ ಎಂದು ಇವತ್ತಿನ ಮೈಯನ್ನು ಚಳಿಗೆ ಬಿಡುವುದಕ್ಕೆ ಜಾಣತನ ಎಂದು ಹೆಸರಿಟ್ಟವನು ಬಡವನಿರಲಾರ, ಬಡವನಿಗೆ ಅಂಗಿ ಮಾರುವವನೇ ಇರಬೇಕು. ಬಡತನದ ಸೊಗಸನ್ನು ಹಾಡಿಹೊಗಳುವ ಮಹಾನುಭಾವರು ಎರಡು ಸೈಜ್ ದೊಡ್ಡ ಬೂಟು ಹಾಕಿಕೊಂಡು ಒಮ್ಮೆ ಕಂಬ ಹತ್ತಿ ಇಳಿಯಲಿ. ಆಮೇಲೆ ಹಾಡುತ್ತಾರೋ ಕಿರುಚುತ್ತಾರೋ ನೋಡೋಣ.

ಇದೇ ದೊಗಳೆ ಒಂದು ಕಾಲದಲ್ಲಿ ನಮ್ಮ ಮುಷ್ಕರದ ಮುಂಚೂಣಿಯಲ್ಲಿ ಕೂತವನು. ಆ ಕಥೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಇಲಾಖೆಯವರು ಲೈನ್‌ಮನ್‌ಗಳಿಗೆಲ್ಲ ರಬ್ಬರ್ ಗ್ಲೌಸ್ ತರಿಸಿದ್ದರು. ಎಲ್ಲವೂ ಒಂದೇ ಸೈಜು. ಬಾಣಲೆಯಂಥ ಅಂಗೈ ಇದ್ದವನಿಗೂ ಅದೇ, ದೊಗಳೆಯಂಥ ಕಡ್ಡಿಗೂ ಅದೇ. ಕೇಳಲು ಹೋದರೆ ಸಾಹೇಬ ಕುರ್ಚಿಯಲ್ಲಿ ಒರಗಿಕೊಂಡು ಪಾಠ ಹೇಳಿದ: “ದೊಡ್ಡದಿದ್ರೆ ಎಲ್ಲರಿಗೂ ಆಗುತ್ತೆ. ಚಿಕ್ಕದು ಕೆಲವರಿಗೆ ಮಾತ್ರ ಆಗುತ್ತೆ. ಇಷ್ಟು ಲೆಕ್ಕ ಬರಲ್ವೇನ್ರಿ ನಿಮಗೆ?” ನಮಗೆ ಲೆಕ್ಕ ಬರಲಿಲ್ಲ. ಲೆಕ್ಕ ಬಂದದ್ದು ನಮ್ಮಲ್ಲೊಬ್ಬ ಕಂಬದ ಮೇಲಿದ್ದಾಗ ದೊಡ್ಡ ಗ್ಲೌಸ್ ಜಾರಿ ಕೈ ತಂತಿಗೆ ತಗುಲಿದ ಮೇಲೆ. ಬೆಲ್ಟ್ ಇದ್ದದ್ದರಿಂದ ಪ್ರಾಣ ಉಳಿಯಿತು. ಬಲಗೈಯಲ್ಲಿ ಮೂರೂವರೆ ಬೆರಳು ಉಳಿದವು. ಆಸ್ಪತ್ರೆಯಿಂದ ಬಂದ ದಿನ ಅವನೇ ತನ್ನ ಹೊಸ ಹೆಸರನ್ನು ಘೋಷಿಸಿದ: “ಇನ್ಮೇಲೆ ನನ್ನ ಮೂರೂವರೆ ಅನ್ನಿ. ನೀವು ಹಿಂದಿಂದ ಅನ್ನೋದಕ್ಕಿಂತ ಮುಂದೆ ಅಂದ್ರೆ ವಾಸಿ.”

ಶೆಡ್ಡಿನ ಗೇಟಿನ ಮುಂದೆ ಕೂತೆವು. ಬ್ಯಾನರಿನ ಬಟ್ಟೆ ಹಾಸಿಕೊಂಡು, ಬ್ಯಾನರಿನ ಬಟ್ಟೆಯನ್ನೇ ಹೊದ್ದುಕೊಂಡು ಅಲ್ಲೇ ಮಲಗಿದೆವು. ಮುಖಂಡರೆನಿಸಿಕೊಂಡವರು ಬಂದು ಭಾಷಣ ಮಾಡಿ, ಹಾರ ಹಾಕಿಸಿಕೊಂಡು, ಕಾರು ಹತ್ತಿ ಹೋದರು. ಕೊನೆಗೆ ಕೆಲಸಕ್ಕೆ ಬಂದದ್ದು ದೊಗಳೆಯ ಗಂಟಲು. “ನಮ್ಮ ಕೈ ಅಳತೆ ತಗೊಳ್ಳಿ, ನಮ್ಮ ಕೈಗೆ ಗ್ಲೌಸ್ ಕೊಡಿ!” ಎಂದು ಅವನು ಕೂಗಿದ್ದೇ ಘೋಷಣೆಯಾಯಿತು. ಸಾಹೇಬನ ಕಾರು ಹೊರಡಲೆಂದು ಬಂದಾಗ ಮುಚ್ಚಿದ ಗೇಟಿನ ಸರಳುಗಳ ನಡುವೆ ತನ್ನ ಎರಡೂ ಕೈ ತೂರಿಸಿ, “ತಗೊಳ್ರೀ ಅಳತೆ, ಈಗಲೇ ತಗೊಳ್ಳಿ” ಎಂದು ನಿಂತವನು ಅವನು. ಪೊಲೀಸರು ಸೊಂಟಕ್ಕೆ ಲಾಠಿ ಹಾಕಿದರೂ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಗೆದ್ದೆವು. ಟೇಪು ಹಿಡಿದವನೊಬ್ಬ ಬಂದು ನಮ್ಮೆಲ್ಲರ ಅಂಗೈ ಅಳೆದ. ಗ್ಲೌಸ್ ಬಂದ ದಿನ ದೊಗಳೆ ಬೆಂಚಿನ ಮೇಲೆ ಕೂತು ಬೆರಳು ಮಡಚುತ್ತ, ಬಿಚ್ಚುತ್ತ, ಮಡಚುತ್ತ ಸುಮ್ಮನೆ ನೋಡುತ್ತಲೇ ಇದ್ದ. ಹುಟ್ಟಿದಾಗಿನಿಂದ ಅವನ ಮೈಗೆ ಸರಿಯಾಗಿ ಕೂತ ಮೊದಲ ವಸ್ತು ಅದು. ಇಂಥವನಿಗೆ ಬುದ್ಧಿ ಬಂದಿರಬೇಕು ಅಂತ ನೀವು ಅಂದುಕೊಂಡರೆ, ನಿಮಗೆ ಮನುಷ್ಯರ ಪರಿಚಯ ಕಡಿಮೆ. ಆ ಸಂಜೆಯೇ ಅವನು ಹೊಸ ಗ್ಲೌಸ್ ಚೀಲದಲ್ಲಿಟ್ಟುಕೊಂಡು, ಪೇಪರ್ ತುರುಕಿದ ಬೂಟಿನಲ್ಲಿ ಟಪಟಪ ಶಬ್ದ ಮಾಡುತ್ತ ಮನೆಗೆ ಹೋದ.

ಅವನಿಗೆ ಒಬ್ಬಳೇ ಮಗಳು. ಹತ್ತು ವರ್ಷ. ಶೆಡ್ಡಿನಲ್ಲಿ ಅವಳ ಹೆಸರು ಮೀಟರು, ಯಾಕೆಂದರೆ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ಶಾಲೆಯ ಲಂಗದ ಅಂಚನ್ನು ಮಡಚಿ ಮಡಚಿ ಹೊಲಿದಿದ್ದರಿಂದ ಅದು ಹಗ್ಗದಷ್ಟು ದಪ್ಪವಾಗಿತ್ತು. ಪ್ರತಿ ವರ್ಷ ಅಮ್ಮ ಒಂದು ಮಡಿಕೆ ಬಿಚ್ಚುತ್ತಿದ್ದಳು, ಬಿಚ್ಚಿದ ಜಾಗದಲ್ಲಿ ಬಣ್ಣ ಮಾಸದ ಪಟ್ಟಿಯೊಂದು ಕಾಣುತ್ತಿತ್ತು. ಲಂಗ ಸರಿಯಾದ ಅಳತೆಗೆ ಬರುವ ಹೊತ್ತಿಗೆ ಕೂರುವ ಕಡೆ ತೇಪೆ. ಒಮ್ಮೆ ಆ ಹುಡುಗಿ ನನ್ನ ಸ್ಕೂಟರಿನ ಸೀಟಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತ ಹೇಳಿದ್ದಳು, “ದೊಡ್ಡಪ್ಪಾ, ನನ್ನ ಹತ್ರ ಹೊಸದಿದ್ದಾಗ ಎಲ್ಲಾ ದೊಡ್ಡದು, ಸರಿಯಾದಾಗ ಎಲ್ಲಾ ಹಳೇದು.” ಅಷ್ಟು ಹೇಳಿ ಬೇರೆ ಇನ್ನೇನೋ ಮಾತಿಗೆ ಹಾರಿದಳು.

ಅವಳಿಗೆ ಬೆಟ್ಟ ಹತ್ತುವ ಹುಚ್ಚು. ಕಂಬ ಹತ್ತುವವನ ಮಗಳು, ಬೇರೇನು ಹುಚ್ಚು ಹಿಡಿಯುತ್ತದೆ! ಶಾಲೆಯ ಡ್ರಿಲ್ ಮೇಷ್ಟ್ರು ವರ್ಷಕ್ಕೊಮ್ಮೆ ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುತ್ತಿದ್ದ. ತಪ್ಪಲಿನಲ್ಲಿ ಡೇರೆ ಹಾಕಿ ಮಲಗುವುದು, ಬೆಳಗಾದ ಮೇಲೆ ತುದಿ ಹತ್ತುವುದು. ಹಿಂದಿನ ಸಲ ಇವಳು ಮನೆಯ ಕಂಬಳಿ ಒಯ್ದಿದ್ದಳು. ಚಳಿಗೆ ಮೈ ಸೆಟೆದು, ಜ್ವರ ಬಂದು, ಉಳಿದವರು ತುದಿಗೆ ಹೊರಟಾಗ ಇವಳನ್ನು ಜೀಪಿನಲ್ಲಿ ಹಾಕಿ ಕೆಳಗೆ ಕಳಿಸಿದ್ದರು. “ಬೆಟ್ಟದ ಬುಡ ನೋಡಿ ಬಂದೋಳು” ಎಂದು ತರಗತಿಯ ಮಕ್ಕಳು ವರ್ಷವಿಡೀ ಆಡಿಕೊಂಡರು. ಈ ಸಲ ಮೇಷ್ಟ್ರು ಸ್ಲೀಪಿಂಗ್ ಬ್ಯಾಗ್ ಇಲ್ಲದವರು ಬರುವುದೇ ಬೇಡ ಎಂದು ಸೀಟಿ ಊದಿ ಸಾರಿದ. ಬ್ಯಾಗು ಎಲ್ಲಿಂದ ಬರಬೇಕು ಎಂಬುದನ್ನು ಸಾರಲಿಲ್ಲ. ಸೀಟಿಗೆ ಅಷ್ಟೆಲ್ಲ ಉಸಿರು ಎಲ್ಲಿರುತ್ತದೆ?

ದೊಗಳೆಯ ಹೆಂಡತಿ ತರಕಾರಿಯ ಕೋಲ್ಡ್ ಸ್ಟೋರೇಜಿನಲ್ಲಿ ಆರಿಸುವ ಕೆಲಸದವಳು. ದಿನವಿಡೀ ಚಳಿಯಲ್ಲಿ ನಿಲ್ಲುವವಳ ಮಾತೂ ಚಳಿಯೇ, ಬೇಕಾದಷ್ಟೇ ಬರುತ್ತದೆ. ಅವಳು ಗಂಡನಿಗೂ ಮಗಳಿಗೂ ಒಟ್ಟಿಗೆ ಹೇಳಿದಳು: “ಏನಾದ್ರೂ ತಗೊಂಡ್ಬನ್ನಿ. ಅದ್ರಲ್ಲಿ ಇವಳಿಗೆ ಚಳಿ ಆಗಲ್ಲ ಅಂತ ನನ್ನ ಕಣ್ಣಾರೆ ನೋಡ್ಬೇಕು. ನೋಡಿದ್ರೆ ಕಳಿಸ್ತೀನಿ, ಇಲ್ಲಾಂದ್ರೆ ಇಲ್ಲ. ಹೋದ ಸಲ ಮೂರು ದಿನ ನನ್ನ ತೊಡೆ ಮೇಲೆ ಬೇಯ್ತಿದ್ಳು, ನಿಮಗೇನು ಗೊತ್ತು.”

ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದರು. “ಅಣ್ಣ, ನೀನು ಬೀದೀಲಿ ಮಲಗಿದಷ್ಟು ಇನ್ಯಾರೂ ಮಲಗಿಲ್ಲ. ನಿಂಗೆ ಇದೆಲ್ಲ ಗೊತ್ತಾಗುತ್ತೆ” ಎಂದ ದೊಗಳೆ. ಬೀದಿಯಲ್ಲಿ ಮಲಗಿದವನಿಗೆ ಗೊತ್ತಾಗುವುದು ಒಂದೇ: ಲಾಠಿ ಬಂದಾಗ ಎದ್ದು ಓಡಲು ಕಾಲು ಬಿಡುವಾಗಿರಬೇಕು. ಜಿಪ್ ಹಾಕಿದ ಚೀಲದೊಳಗೆ ಹೋಗಿ ಮಲಗುವ ಕಲ್ಪನೆಯೇ ನನಗೆ ಸರಿಬೀಳಲಿಲ್ಲ. ಆದರೂ ಹೋದೆ, ಸ್ಕೂಟರ್ ನನ್ನದೇ ಆಗಿತ್ತಲ್ಲ.

ಅಂಗಡಿಯ ಗೋಡೆಯ ತುಂಬ ಹಿಮದ ಬೆಟ್ಟದ ಚಿತ್ರ. ಅದರ ಕೆಳಗೆ ಕೂತ ಮಾಲೀಕ ಸ್ಟೂಲು ಹತ್ತಿ ಮೇಲಿನ ಹಲಗೆಯಿಂದ ಒಂದು ಬ್ಯಾಗು ಇಳಿಸುವಷ್ಟರಲ್ಲಿ ಏದುಸಿರು ಬಿಟ್ಟು, ಬೆವರು ಒರೆಸಿಕೊಂಡು, ನೀರು ಕುಡಿದ. ಇಂಥವನು ಬೆಟ್ಟದ ಚಳಿಯ ಬಗ್ಗೆ ಬಾಯಿ ತೆರೆದರೆ ಮುಚ್ಚಿಸಲಾಗುತ್ತಿರಲಿಲ್ಲ. ಒಂದರ ಒಳಗೆ ಬಾತುಕೋಳಿಯ ತುಪ್ಪಳವಂತೆ, ಇನ್ನೊಂದರದ್ದು ಟೊಳ್ಳು ನೂಲಂತೆ, ಇನ್ನೊಂದನ್ನು ಚಂದ್ರಲೋಕಕ್ಕೂ ಒಯ್ಯಬಹುದಂತೆ. “ಚಂದ್ರಲೋಕಕ್ಕೆ ಮೇಷ್ಟ್ರು ಜೀಪ್ ಹೋಗಲ್ಲ, ಇಲ್ಲೇ ಪಕ್ಕದ ಬೆಟ್ಟಕ್ಕೆ ಹೇಳಿ” ಎಂದೆ.

ಮೂಲೆಯಲ್ಲಿ ಮಕ್ಕಳ ಬ್ಯಾಗುಗಳಿದ್ದವು. ಹುಡುಗಿ ಅದರಲ್ಲೊಂದು ಹಳದಿಯದನ್ನು ಎಳೆದು ನೆಲದ ಮೇಲೆ ಹಾಸಿ, ಚಪ್ಪಲಿ ಬಿಟ್ಟು, ಒಳಗೆ ತೂರಿಕೊಂಡಳು. ಜಿಪ್ ಎಳೆದುಕೊಂಡಳು. ಪಾದ ತಳಕ್ಕೆ ಮುಟ್ಟಿತು, ಭುಜ ಅಂಚಿಗೆ ಮುಟ್ಟಿತು, ಟೋಪಿಯಂಥದು ಮುಖದ ಸುತ್ತ ಬಂದು ಕೂತಿತು. ಅವಳ ಬಾಯಿ ನಿಂತಿತು. ಮೀಟರು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತ ಮಲಗಿಯೇ ಇದ್ದಳು.

“ಆಯ್ತಲ್ಲ, ಇದೇ ಸರಿ” ಎಂದ ಮಾಲೀಕ.

ದೊಗಳೆ ಬಗ್ಗಿ ಅವಳ ಪಾದದ ಹತ್ತಿರ ಚೀಲವನ್ನು ಒತ್ತಿ ನೋಡಿದ. “ಮುಟ್ಟಿಬಿಟ್ಟಿದೆಯಲ್ರೀ. ಮುಂದಿನ ವರ್ಷಕ್ಕೆ ಕಾಲು ಹೊರಗೆ ಬರುತ್ತೆ. ಬೆಳೆಯೋ ಮಗು.”

ಗಿರಾಕಿಯ ತಲೆ ಯಾವ ಕಡೆ ವಾಲುತ್ತದೋ ಅಂಗಡಿಯವನ ತಲೆಯೂ ಆ ಕಡೆ ವಾಲುತ್ತದೆ. “ಅದೂ ನಿಜವೇ, ಸಾರ್. ಬುದ್ಧಿವಂತರು ದೊಡ್ಡದನ್ನೇ ತಗೊಳ್ತಾರೆ” ಎಂದು ಅವನು ಮತ್ತೆ ಸ್ಟೂಲು ಹತ್ತಿದ. ಈ ಸಲ ಏದುಸಿರೂ ಬರಲಿಲ್ಲ.

ಇಳಿದದ್ದು ಮೂಟೆ. ಬೂದು ಬಣ್ಣದ್ದು. ಅದರೊಳಗೆ ದೊಗಳೆ, ದೊಗಳೆಯ ಹೆಂಡತಿ, ಬೇಕಾದರೆ ಮಾಲೀಕನೂ ಹಿಡಿಯುತ್ತಿದ್ದ. ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಗೂ ಆಗುತ್ತದೆ ಎಂದು ಚೀಟಿ ಬೇರೆ. “ಮದುವೆ ಆದ್ಮೇಲೂ ಇಟ್ಕೋಬಹುದು” ಎಂದು ದೊಗಳೆ ಹಲ್ಲು ಕಿರಿದ. ನಾನು “ಲೋ, ಹೋಗ್ತಿರೋದು ಈ ವರ್ಷ ಕಣೋ” ಎಂದೆ. “ನಿಂಗೆ ಮಕ್ಕಳು ಮರಿ ಇಲ್ಲ, ಸುಮ್ನಿರಣ್ಣ” ಎಂದು ನನ್ನ ಬಾಯಿ ಮುಚ್ಚಿಸಿದ. ಹಳದಿ ಚೀಲದೊಳಗೆ ಮಲಗಿದ್ದವಳನ್ನು ಅವನೇ ಜಿಪ್ ಬಿಚ್ಚಿ, ಕಂಕುಳಿಗೆ ಕೈಹಾಕಿ ಎಬ್ಬಿಸಿದ. ಅವಳು ಅಳಲಿಲ್ಲ. ಚಪ್ಪಲಿ ಹಾಕಿಕೊಂಡಳು. ಅದೂ ದೊಡ್ಡದೇ.

ಕೋಲ್ಡ್ ಸ್ಟೋರೇಜಿನಲ್ಲಿ ವಾರಕ್ಕೊಮ್ಮೆ ತೊಳೆಯುವ ದಿನ ಇರುತ್ತದೆ. ಅಂದು ಲಾರಿ ಬರುವುದಿಲ್ಲ, ಜನ ಕಡಿಮೆ. ಸೂಪರ್‌ವೈಸರ್ ಊಟಕ್ಕೆ ಹೋದ ಹೊತ್ತು ನೋಡಿ ದೊಗಳೆಯ ಹೆಂಡತಿ ನಮ್ಮನ್ನು ಆಲೂಗಡ್ಡೆಯ ಕೋಣೆಗೆ ಕರೆದಳು. ಅಷ್ಟು ದಪ್ಪದ ಬಾಗಿಲು, ಒಳಗೆ ಮೇಲಿನವರೆಗೂ ಪೇರಿಸಿದ ಗೋಣಿಚೀಲಗಳು, ಮೂಲೆಯಲ್ಲಿ ಗೊರಗೊರ ಎನ್ನುವ ಫ್ಯಾನು. ಬಾಗಿಲಿಗೆ ಒಂದು ಕ್ರೇಟು ಅಡ್ಡ ಇಟ್ಟು ಅವಳು ಹೇಳಿದಳು: “ಬೆಟ್ಟದ ಮೇಲೆ ಹೆಚ್ಚೂಕಮ್ಮಿ ಇಷ್ಟೇ ಚಳಿ ಇರುತ್ತೆ. ಮಲಗು.”

ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಬೂದು ಮೂಟೆ. ಹುಡುಗಿ ಒಳಗೆ ಹೋದಳು. ಹೋದಳು ಎಂದರೆ ಕಾಣದೇ ಹೋದಳು. ಬಾವಿಯಲ್ಲಿ ಬಿದ್ದ ಕೊಡದ ಹಾಗೆ ಮೇಲೆ ಒಂದಿಷ್ಟು ಕೂದಲು ಮಾತ್ರ ಕಾಣುತ್ತಿತ್ತು. ದೊಗಳೆ ಜಿಪ್ ಎಳೆದು, ಪಕ್ಕದ ಗೋಣಿಚೀಲಕ್ಕೆ ಒರಗಿ ನಿಂತು, ಕಂಬದ ಕೆಲಸ ಮುಗಿಸಿದವನಂತೆ ಕೈ ಒರೆಸಿಕೊಂಡ.

“ಹೆಂಗಿದೆಯಮ್ಮಾ?”

“ಬೆಚ್ಚಗಿದೆ.”

ನಾವು ಮೂವರೂ ನಿಂತೇ ಇದ್ದೆವು. ನನ್ನ ಮೂಗಿನ ತುದಿ ಮರಗಟ್ಟಿತು. ದೊಗಳೆಯ ಅಂಗಿಯೊಳಗೆ ಚಳಿ ಹೊಕ್ಕು ಸಂಸಾರ ಹೂಡಿತು, ಆದರೂ ಅವನು ನಡುಗದಂತೆ ಹಲ್ಲು ಕಚ್ಚಿ ನಿಂತಿದ್ದ.

“ಹೆಂಗಿದೆ?”

“ಬೆ... ಬೆಚ್ಚಗಿದೆ.”

“ಇನ್ನೊಂದ್ಸಲ ಹೇಳು” ಎಂದಳು ಅಮ್ಮ.

“ಬೆಚ್ಚ... ಗೆ... ಇದೆಯಮ್ಮಾ, ನಿಜವಾಗ್ಲೂ!” ಚೀಲದೊಳಗಿಂದ ಹಲ್ಲು ಕಟಕಟ ಎನ್ನುವುದು ಕೇಳಿಸುತ್ತಿತ್ತು. ನಡುಕ ಕಾಣಿಸಿದರೆ ಬೆಟ್ಟ ಕೈತಪ್ಪುತ್ತದೆ ಎಂದು ಆ ಹುಡುಗಿ ಮೈಯನ್ನೆಲ್ಲ ಬಿಗಿಹಿಡಿದು ಸುಳ್ಳು ಹೇಳುತ್ತಿದ್ದಳು. ಚೀಲ ಮಾತ್ರ ಸುಳ್ಳು ಹೇಳಲಾರದೆ ಅಲುಗಾಡುತ್ತಿತ್ತು.

ಅಮ್ಮ ಮಂಡಿಯೂರಿ ಜಿಪ್ ಬಿಚ್ಚಿ ಕೈ ಹಾಕಿದಳು. ಮೊಣಕೈ ಮುಳುಗಿತು, ಭುಜ ಮುಳುಗಿತು. “ಕಾಲು ಎಲ್ಲೇ ಇಟ್ಟಿದ್ದೀಯ?” ಎಂದು ಹುಡುಕಿ ಕೊನೆಗೆ ಪಾದ ಹಿಡಿದಳು. ಹಿಡಿದವಳು ಕೈಯನ್ನು ಹೊರಗೆ ತೆಗೆದು ಗಂಡನ ಕುತ್ತಿಗೆಗೆ ಒತ್ತಿದಳು. ಅವನು “ಅಯ್ಯಪ್ಪಾ!” ಎಂದು ಹಾರಿಬಿದ್ದ.

“ನಿನ್ನ ಮಗಳ ಕಾಲು ಮುಟ್ಟಿ ಬಂದ ಕೈ ಇದು. ಎದ್ದೇಳೇ. ಬೆಟ್ಟ ಇಲ್ಲ ಏನಿಲ್ಲ.”

ಇದರಲ್ಲಿ ಪವಾಡವೇನೂ ಇರಲಿಲ್ಲ. ಚೀಲ ಒಲೆಯಲ್ಲ. ಒಳಗಿನ ಮೈ ಕಾಸಿದಷ್ಟೇ ಅದು ಕಾಯುತ್ತದೆ. ಹಿಡಿಯಷ್ಟು ಮೈಗೆ ಕೋಣೆಯಷ್ಟು ಚೀಲ ಕೊಟ್ಟರೆ, ಆ ಮೈ ಖಾಲಿ ಜಾಗವನ್ನು ಕಾಸುತ್ತಲೇ ಸುಸ್ತಾಗುತ್ತದೆ. ಆದರೆ ದೊಗಳೆ ಸೋಲು ಒಪ್ಪುವ ಪೈಕಿಯೇ? ಹೊರಗೆ ಓಡಿ ಹಳೆಯ ಪೇಪರಿನ ಕಟ್ಟು, ಎರಡು ಖಾಲಿ ಗೋಣಿ, ಒಂದು ಹಗ್ಗ ತಂದ. ಪೇಪರನ್ನು ಮುದುರಿ ಮುದುರಿ ಚೀಲದ ತಳಕ್ಕೆ ತುರುಕಿದ, ಗೋಣಿ ಒತ್ತಿದ, ಹೊರಗಿನಿಂದ ಹಗ್ಗ ಬಿಗಿದ. ಆ ಹೊತ್ತಿಗೆ ಅವನ ಮುಖದಲ್ಲಿ ಎಂಥ ಕಳೆ! ಬಾಲ್ಯದಿಂದ ಕಲಿತ ವಿದ್ಯೆ. ಅಪ್ಪನ ಬೂಟು ಈಗ ಮಗಳ ಹಾಸಿಗೆಯಾಗಿತ್ತು.

“ಈಗ ಮಲಗು.”

ಮಲಗಿದಳು. ನಿಜ ಹೇಳಬೇಕಲ್ಲ, ಈ ಸಲ ನಡುಗಲಿಲ್ಲ. ಅಮ್ಮ ಮತ್ತೆ ಕೈ ಹಾಕಿ ನೋಡಿ, “ಸರಿ. ಹೋಗ್ಲಿ” ಎಂದಳು. ದೊಗಳೆ ನನ್ನ ಕಡೆ ಹುಬ್ಬು ಹಾರಿಸಿದ, ನೋಡಿದ್ಯಾ ಎಂಬಂತೆ.

ಹುಡುಗಿ ಚೀಲದಿಂದ ಹೊರಗೆ ಬಂದಳು. ಅವಳು ಮಲಗಿ ಎದ್ದಾಗ ಕಾಲಡಿಯ ಪೇಪರ್ ಚರಚರ ಎಂದಿತು. ಡೇರೆಯೊಳಗೆ, ಸಾಲಾಗಿ ಮಲಗಿದ ಹುಡುಗಿಯರ ನಡುವೆ, ಮಗ್ಗುಲು ಬದಲಿಸಿದಾಗಲೆಲ್ಲ ಇನ್ನು ಹೀಗೇ ಚರಚರ ಎನ್ನುತ್ತದೆ.

“ನಾನು ಹೋಗಲ್ಲ” ಎಂದಳು.

“ಏನು?”

“ಹೋಗಲ್ಲ. ನನಗೆ ಬೆಟ್ಟ ಬೇಡ.”

“ಏನೇ ಇದು, ಅಮ್ಮ ಒಪ್ಪಿದ್ಮೇಲೆ ನಿಂದೇನೇ ರಾಗ? ಬೆಚ್ಚಗಿತ್ತೋ ಇಲ್ವೋ?”

“ಬೆಚ್ಚಗಿತ್ತು. ಎಷ್ಟು ದಿನ ಅಪ್ಪಾ ಎಲ್ಲದಕ್ಕೂ ಪೇಪರ್ ತುರುಕ್ಕೊಂಡಿರೋದು?”

ಸೂಪರ್‌ವೈಸರ್ ಬರುವ ಸದ್ದಾಯಿತು. ನಾವು ಮೂಟೆ ಹೊತ್ತುಕೊಂಡು ಕಳ್ಳರಂತೆ ಹಿಂದಿನ ಬಾಗಿಲಿನಿಂದ ಜಾರಿದೆವು.

ಮರುದಿನ ಬೆಳಿಗ್ಗೆ ಹಾಜರಿಗೆಂದು ಹೋದರೆ ಶೆಡ್ಡಿನ ಗೇಟಿನ ಮುಂದೆ ಜನ ಗುಂಪುಗಟ್ಟಿದ್ದರು. ನಡುವೆ ಬೂದು ಮೂಟೆ. ಮೂಟೆಯ ಬಾಯಲ್ಲಿ ಮೀಟರಿನ ತಲೆ. ಪಕ್ಕದಲ್ಲಿ ಹಗ್ಗವನ್ನು ನೀಟಾಗಿ ಸುತ್ತಿಟ್ಟು, ಚೀಲದಿಂದ ಕಿತ್ತ ಪೇಪರನ್ನೆಲ್ಲ ಗುಡ್ಡೆ ಹಾಕಿದ್ದಳು. ನಾವು ಅಂದು ಬ್ಯಾನರ್ ಹಾಸಿಕೊಂಡು ಕೂತಿದ್ದ ಜಾಗವೇ. ಆಗ ಅವಳು ಹುಟ್ಟಿಯೂ ಇರಲಿಲ್ಲ. ಆದರೆ ಆ ಕಥೆಯನ್ನು ದೊಗಳೆ ಮನೆಯಲ್ಲಿ ಊಟದ ಹೊತ್ತಿಗೆಲ್ಲ ಬಡಿಸಿರುತ್ತಾನಲ್ಲ, ಕೂತ ಜಾಗದ ಗುರುತು ಸಮೇತ.

“ಏನಮ್ಮಾ ಮೀಟರೂ, ಏನು ಬೇಡಿಕೆ?” ಎಂದು ಮೇಸ್ತ್ರಿ ಕೇಳಿದ.

“ನನ್ನ ಅಳತೆ ತಗೊಳ್ಳಿ, ನನ್ನ ಅಳತೇದು ಕೊಡಿ.”

ಜನ ಗೊಳ್ಳೆಂದು ನಕ್ಕರು. ಯಾರೋ “ಜಿಂದಾಬಾದ್!” ಎಂದರು. ಮತ್ತೊಬ್ಬ ತನ್ನ ಟೀ ಲೋಟವನ್ನು ಅವಳ ಕೈಗೆ ಕೊಟ್ಟ, ಮುಷ್ಕರ ನಿರತರಿಗೆ ಬೆಂಬಲವಂತೆ. ಆಗ ದೊಗಳೆ ಸೈಕಲ್ ತುಳಿದುಕೊಂಡು ಬಂದ. ಗುಂಪು ನೋಡಿ ಯಾರಿಗೋ ಶಾಕ್ ಹೊಡೆದಿರಬೇಕೆಂದು ಓಡಿಬಂದವನು, ಮಗಳನ್ನು ಕಂಡು ಕೆಂಪಾದ.

“ಎದ್ದೇಳೇ. ಮರ್ಯಾದೆ ತೆಗೀಬೇಡ.”

“ಅಳತೇದು ಕೊಡಿಸು, ಏಳ್ತೀನಿ.”

“ಕೊಡ್ಸಿದೀನಲ್ಲ! ಇದಕ್ಕಿಂತ ಒಳ್ಳೇದು ಇಡೀ ಊರಲ್ಲಿ ಯಾರ ಹತ್ರ ಇದೆ?”

“ಯಾರ ಹತ್ರನೂ ಇಲ್ಲ. ಯಾರೂ ಇಷ್ಟು ದೊಡ್ಡೋರಿಲ್ಲ.”

ಮತ್ತೆ ನಗು. ದೊಗಳೆಗೆ ಆ ನಗು ನೆತ್ತಿಗೇರಿತು. ಸೊಂಟದ ಮೇಲೆ ಕೈ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ನೋಡು, ದೊಡ್ಡದಿದ್ರೆ ಎಲ್ಲಾ ಕಾಲಕ್ಕೂ ಆಗುತ್ತೆ. ಚಿಕ್ಕದು ಒಂದು ವರ್ಷಕ್ಕೆ ಮಾತ್ರ ಆಗುತ್ತೆ. ಇಷ್ಟು ಲೆಕ್ಕ ಬರಲ್ವೇನೇ ನಿಂಗೆ?”

ನಗು ಥಟ್ಟನೆ ನಿಂತಿತು. ಅವನಿಗೆ ಏಕೆಂದು ಹೊಳೆಯಲಿಲ್ಲ. ಸುತ್ತ ನೋಡಿದ. ಗುಂಪಿನ ಹಿಂದಿನಿಂದ ಮೂರೂವರೆ ನಿಧಾನವಾಗಿ ದಾರಿ ಮಾಡಿಕೊಂಡು ಮುಂದೆ ಬಂದ. ದೊಗಳೆಯ ಎದುರು ನೆಟ್ಟಗೆ ನಿಂತು, ಬಲಗೈ ಎತ್ತಿ ಸಲ್ಯೂಟ್ ಹೊಡೆದ. ಹಣೆಯ ಮೇಲೆ ಮೂರೂವರೆ ಬೆರಳು.

“ನಮಸ್ಕಾರ, ಸಾಹೇಬ್ರೇ.”

ಅವನ ಪಕ್ಕದವನೂ ಕೈ ಎತ್ತಿದ, “ನಮಸ್ಕಾರ, ಸಾಹೇಬ್ರೇ.” ಮೇಸ್ತ್ರಿಯೂ ಎತ್ತಿದ. ನಾನು ಬಿಡುತ್ತೇನೆಯೇ? ಇಡೀ ಶೆಡ್ಡು ದೊಗಳೆಗೆ ಸಲ್ಯೂಟ್ ಹೊಡೆದು ನಿಂತಿತು. ಮೂಟೆಯೊಳಗಿನಿಂದ ಒಂದು ಪುಟ್ಟ ಕೈಯೂ ಹೊರಬಂದು ಹಣೆ ಮುಟ್ಟಿತು.

ದೊಗಳೆಯ ಕೈ ಸೊಂಟದಿಂದ ಜಾರಿತು. “ಥೂ ನಿಮ್ಮ, ಬೇರೆ ಕೆಲಸ ಇಲ್ವೇನ್ರೋ ನಿಮಗೆ” ಎಂದು ಪೇಪರಿನ ಗುಡ್ಡೆಗೆ ಒಂದು ಒದೆ ಕೊಟ್ಟ. ದೊಡ್ಡ ಬೂಟು ಕಾಲಿನಿಂದ ಕಳಚಿಕೊಂಡು ಪೇಪರಿನ ಜೊತೆಗೇ ಹಾರಿ ಗೇಟಿಗೆ ಬಡಿಯಿತು. ಅದರ ತುದಿಯಿಂದಲೂ ಒಂದು ಪೇಪರಿನ ಉಂಡೆ ಉದುರಿತು. ಆಮೇಲೆ ನಾವು ನಕ್ಕ ನಗುವಿಗೆ ಎದುರು ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು.

ತೀರ್ಮಾನ ಅಲ್ಲೇ ಆಯಿತು. ಬೂದು ಮೂಟೆ ಶೆಡ್ಡಿನ ಪಾಲಿಗೆ. ಸ್ಟ್ಯಾಂಡ್‌ಬೈ ಡ್ಯೂಟಿಯವರು ಬರೀ ಬೆಂಚಿನ ಮೇಲೆ ಮಲಗಿ ಸೊಂಟ ಮುರಿದುಕೊಳ್ಳುತ್ತಿದ್ದರು. ಅವರಿಗೆ ಆಗಲಿ, ಎಲ್ಲರೂ ಸೇರಿ ಕೊಂಡುಕೊಳ್ಳೋಣ ಎಂದ ಮೂರೂವರೆ. “ದೊಡ್ಡದಿದ್ರೆ ಎಲ್ಲರಿಗೂ ಆಗುತ್ತೆ” ಎಂದು ಸೇರಿಸಲೂ ಮರೆಯಲಿಲ್ಲ.

ಸಂಜೆ ಅಪ್ಪ ಮಗಳು ಅಂಗಡಿಗೆ ಹೋದರು. ನಾನೂ ಹೋದೆ, ಸ್ಕೂಟರಿನ ನೆಪ. ಸೋತ ಆಡಳಿತ ಮಂಡಳಿ ಕೊನೆಯ ಗಳಿಗೆಯಲ್ಲಿ ಏನು ಮಾಡುತ್ತದೆಂದು ನನಗೆ ಚೆನ್ನಾಗಿ ಗೊತ್ತು. ದೊಗಳೆ ಹಳದಿ ಬ್ಯಾಗನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, ಗಂಟಲು ಸರಿಮಾಡಿಕೊಂಡು ಕೇಳಿದ, “ಇದಕ್ಕೂ ಆ ಬೂದೀದಕ್ಕೂ ಮಧ್ಯದ್ದು ಇಲ್ವೇನ್ರೀ?”

“ಅಪ್ಪಾ.”

“ಸುಮ್ನೆ ಕೇಳ್ದೆ ಕಣೇ. ಕೇಳ್ಬಾರ್ದಾ?”

ಹಳದಿಯದೇ ಬಂತು. ಹುಡುಗಿ ಬೆಟ್ಟದ ತುದಿ ಹತ್ತಿದಳು. ಮಂಡಿ ತರಚಿಕೊಂಡು, ಚೀಲದ ತುಂಬ ಹೊಗೆಯ ವಾಸನೆ, ಮಣ್ಣು, ಒಣಹುಲ್ಲು ತುಂಬಿಕೊಂಡು ವಾಪಸು ಬಂದಳು. ಬಂದವಳ ಬಾಯಿ ಒಂದು ವಾರ ನಿಲ್ಲಲಿಲ್ಲ. ಅಮ್ಮ ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ಖಾತ್ರಿಮಾಡಿಕೊಂಡು, ಪಾತ್ರೆ ತೊಳೆಯಲು ಕಳಿಸಿದಳು.

ಇಲ್ಲಿಗೆ ಮುಗಿಸಿದರೆ ದೊಗಳೆ ಬದಲಾದ ಎಂದು ನೀವು ನಂಬಿಬಿಡುತ್ತೀರಿ. ನನಗೆ ಆ ಪಾಪ ಬೇಡ.

ಮುಂದಿನ ವರ್ಷ ಬೆಟ್ಟದ ಕಾಲ ಬಂತು. ಹಳದಿ ಚೀಲ ಹೊರಗೆ ತೆಗೆದು ಮಲಗಿ ನೋಡಿದರೆ ಭುಜ ಹಿಡಿಯಿತು, ಜಿಪ್ ಕತ್ತಿನವರೆಗೆ ಬರಲಿಲ್ಲ. ದೊಗಳೆಯ ಸಂಭ್ರಮ ನೋಡಬೇಕಿತ್ತು! ಶೆಡ್ಡಿಗೆ ಬಂದವನೇ ಕಂಡಕಂಡವರ ತೋಳು ಹಿಡಿದು, “ಹೇಳಿದ್ನೋ ಇಲ್ವೋ? ಒಂದೇ ವರ್ಷ ಅಂದಿದ್ನೋ ಇಲ್ವೋ?” ಎಂದು ಕುಣಿದ. ಮೂರೂವರೆಯ ಮುಂದೆ ನಿಂತು ಎರಡೆರಡು ಸಲ ಹೇಳಿದ. ಸಾಲದ್ದಕ್ಕೆ ಮಗಳ ಬಾಯಿಂದಲೇ ಒಪ್ಪಿಸಬೇಕೆಂದು ಅವಳನ್ನು ಕರೆತಂದ.

“ಹೇಳೇ, ನಾನು ಹೇಳಿದ್ದು ನಿಜವಾಯ್ತೋ ಇಲ್ವೋ?”

“ನಿಜವಾಯ್ತು. ಹೋದ ವರ್ಷ ಚಳಿ ಆಗ್ಲಿಲ್ಲ.”

ಅವನು ಕಂಬದ ಏಣಿ ಹೆಗಲಿಗೇರಿಸಿಕೊಂಡು ಏನೋ ಗೊಣಗುತ್ತ ಹೋದ.

ಹಳದಿ ಚೀಲ ಪಕ್ಕದ ಮನೆಯ ಚಿಕ್ಕ ಹುಡುಗಿಗೆ ಹೋಯಿತು. ಮತ್ತೆ ಅದೇ ಅಂಗಡಿ, ಅದೇ ಹಿಮದ ಬೆಟ್ಟ, ಅದೇ ಏದುಸಿರಿನ ಮಾಲೀಕ. ಒಳಗೆ ಹೋದೊಡನೆ ದೊಗಳೆಯ ಕೈ ತನ್ನಷ್ಟಕ್ಕೆ ದೊಡ್ಡವುಗಳ ಹಲಗೆಯ ಕಡೆ ಎದ್ದಿತು. ಕರೆಂಟು ಹರಿಯುವ ತಂತಿಯ ಹತ್ತಿರ ಆ ಕೈ ಎಂದೂ ಹೀಗೆ ಮೈಮರೆತು ಹೋಗಿರಲಿಲ್ಲ. ಹುಡುಗಿ ಚಪ್ಪಲಿ ಬಿಟ್ಟು, ಅಂಗಡಿಯ ನೆಲದ ಮೇಲೆ ಅಂಗಾತ ಮಲಗಿ, ಕೈಗಳನ್ನು ಪಕ್ಕಕ್ಕೆ ಚಾಚಿ, ಸೂರು ನೋಡುತ್ತ ಹೇಳಿದಳು, “ಅಳತೆ ತಗೋ.”

ಬೇರೆ ಗಿರಾಕಿಗಳು ನೋಡುತ್ತಿದ್ದರು. ದೊಗಳೆ ಅತ್ತಿತ್ತ ನೋಡಿ, ಬಾಯಲ್ಲೇ ಬೈದುಕೊಳ್ಳುತ್ತ ಮಂಡಿಯೂರಿದ. ಹೆಬ್ಬೆರಳನ್ನು ಅವಳ ನೆತ್ತಿಯ ಪಕ್ಕ ಊರಿ, ಕಿರುಬೆರಳು ಚಾಚಿ, ಗೇಣು ಹಾಕುತ್ತ ಕೆಳಗೆ ಸರಿದ. ಒಂದೊಂದು ಗೇಣಿಗೂ ತುಟಿ ಅಲ್ಲಾಡುತ್ತಿತ್ತು. ಹಿಮ್ಮಡಿ ಮುಟ್ಟಿತು. ಮುಟ್ಟಿದ ಮೇಲೂ ಆ ಕೈ ಸದ್ದಿಲ್ಲದೆ, ಬರಿಯ ನೆಲದ ಮೇಲೆ, ಇನ್ನೂ ಒಂದು ಗೇಣು ಚಾಚಿತು.

ಹುಡುಗಿ ತಲೆ ಎತ್ತಲೂ ಇಲ್ಲ.

“ಅಪ್ಪಾ, ನನ್ನ ಕಾಲು ಅಲ್ಲೇ ಮುಗೀತು.”